96 ಕಿಲೋ ಇಳಿಸಿದ ಗಾಡಿ: ದಕ್ಕಿದ್ದೆಷ್ಟು, ದಂಡವಾದದ್ದೆಷ್ಟು

ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಚೀಲದ ತೂಕ ಕಳೆಯುವುದು, ಕಾಯಿ ಹಿಚುಕಿ ತೇವ ನೋಡುವುದು, ರಾತ್ರಿ ನೀರು ಹೊಡೆದು ತಂದ ಮಾಲನ್ನು ಬೆಳಿಗ್ಗೆ ವಾಸನೆಯಲ್ಲೇ ಹಿಡಿಯುವುದು, ಇದು ಅಜ್ಜನಿಂದ ಬಂದ ವಿದ್ಯೆ. ಹೀಗಾಗಿ ಕಾರಿನ ತೂಕ ಇಳಿಸುವ ಹುಚ್ಚು ಹತ್ತಿದಾಗ ಬಿಚ್ಚಿದ ಪ್ರತಿಯೊಂದು ಸಾಮಾನನ್ನೂ ಅಂಗಡಿಯ ಕಾಟಾದ ಮೇಲಿಟ್ಟು ಚೀಟಿ ಬರೆದೆ. ಆ ಚೀಟಿಗಳ ಕಟ್ಟು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಮಾಡಿಸಿದ ಕೆಲಸ, ಕೊಂಡ ಸಾಮಾನು, ಸುರಿದ ದುಡ್ಡು, ರೇಸ್ ಟ್ರ್ಯಾಕಿನಲ್ಲಿ ಬಂದ ಟೈಮು, ಎಲ್ಲಾ ಅದರಲ್ಲಿದೆ.

ಗಾಡಿ ಅಬಾರ್ತ್ ಪುಂಟೊ. ಫಿಯಾಟ್‌ನವರು 2015ರಲ್ಲಿ ನಮ್ಮ ದೇಶದಲ್ಲಿ ಬಿಟ್ಟದ್ದು. 1.4 ಲೀಟರ್ ಟರ್ಬೊ ಪೆಟ್ರೋಲ್, 145 ಬಿಎಚ್‌ಪಿ, ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕು, ಮೈಮೇಲೆ ಚೇಳಿನ ಗುರುತು. ಪುಣೆಯಿಂದ ಸೆಕೆಂಡ್ ಹ್ಯಾಂಡ್ ತಂದು ಕೆಎ 27 ಮಾಡಿಸಿದೆ. ಇದು ಸ್ಪೋರ್ಟ್ಸ್ ಕಾರೇ ಅಲ್ಲ, ಐದು ಬಾಗಿಲಿನ ಡಬ್ಬಿ ಅಂತ ಬೆಂಗಳೂರಿನ ಗೆಳೆಯರು ನಗುತ್ತಾರೆ. ಡಬ್ಬಿ ಅಂದರೆ ನಮ್ಮೂರಲ್ಲಿ ಬೈಗುಳ ಅಲ್ಲ. ಬ್ಯಾಡಗಿ ಕಾಯಿಯ ಎರಡು ಜಾತಿಯಲ್ಲಿ ಕಡ್ಡಿಗಿಂತ ಡಬ್ಬಿಗೇ ರೇಟು ಜಾಸ್ತಿ.

ಮೋಟೆಬೆನ್ನೂರಿನಲ್ಲಿ ನಾವು ಹತ್ತುವ ಹೆದ್ದಾರಿ 48 ಇದೆಯಲ್ಲ, ಅದೇ ರಸ್ತೆ ಬೆಂಗಳೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಶ್ರೀಪೆರಂಬದೂರಿನ ಆಚೆ ಇರುಂಗಾಟುಕೋಟೈಗೆ ಹೋಗುತ್ತದೆ. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಟ್ರ್ಯಾಕು ಇರುವುದು ಅಲ್ಲಿ. ಒಂದು ಸುತ್ತು 3.7 ಕಿಲೋಮೀಟರು. ನನಗೆ ಆರುನೂರು ಕಿಲೋಮೀಟರಿನ ಮೇಲಾಗುತ್ತದೆ, ಆದರೆ ಒಂದೇ ರಸ್ತೆ.

ಮೊದಲ ಸಲ ಹೋದಾಗ ಗಾಡಿ ಕಂಪನಿಯಿಂದ ಬಂದ ಹಾಗೇ ಇತ್ತು. ಚೊಲೋ ಸುತ್ತು 2 ನಿಮಿಷ 22.4 ಸೆಕೆಂಡು. ನಾಲ್ಕನೆಯ ಸುತ್ತಿಗೆ ಬ್ರೇಕ್ ಪೆಡಲು ಹಸಿ ಹಿಟ್ಟು ತುಳಿದಂತಾಯಿತು. ಮುಂದಿನ ಗಾಲಿಗಳಿಂದ ಹೊಗೆ. ಗಾಡಿ ನಿಲ್ಲಿಸಿ ಅರ್ಧ ತಾಸು ನೆರಳಿನಲ್ಲಿ ಕೂತಿದ್ದಾಗ ಪಕ್ಕದ ಗಾಡಿಯ ತಮಿಳು ಹುಡುಗ ಬಂದು, ಹಿಂದಿನ ಸೀಟು, ಸ್ಟೆಪ್ನಿ, ಜಾಕು ಎಲ್ಲ ಹೊತ್ತುಕೊಂಡು ಟ್ರ್ಯಾಕಿಗೆ ಯಾಕೆ ಬಂದಿರಿ ಅಂದ. ಅವನ ಗಾಡಿಯೊಳಗೆ ಇಣುಕಿದೆ. ಬರೀ ತಗಡು. ಅಲ್ಲಿಂದ ಹತ್ತಿದ್ದು ಈ ಹುಚ್ಚು.

ತೂಕ ಇಳಿಸುವ ಬಗ್ಗೆ ಓದಲು ಕೂತರೆ ದೊಡ್ಡವರ ಕಥೆಗಳಿಗೆ ಕೊನೆಯಿಲ್ಲ. ಲೋಟಸ್ ಕಟ್ಟಿದ ಕಾಲಿನ್ ಚಾಪ್ಮನ್‌ಗೆ ಹಗುರ ಅನ್ನುವುದೇ ಧರ್ಮವಾಗಿತ್ತು. 1973ರ ಪೋರ್ಷೆ 911 ಆರ್‌ಎಸ್‌ಗೆ ತೆಳು ತಗಡು, ತೆಳು ಗಾಜು ಹಾಕಿದ್ದರು. ಫೆರಾರಿ ಎಫ್40ಯಲ್ಲಿ ಬಾಗಿಲಿಗೆ ಒಳಗಡೆ ಹಿಡಿಕೆಯ ಬದಲು ಒಂದು ತಂತಿ. ನನಗೆ ನಾಟಿದ್ದು ನಮ್ಮ ಚೇಳಿನ ಯಜಮಾನನ ಕಥೆ. 1965ರಲ್ಲಿ ಮೊಂಜಾದಲ್ಲಿ ವೇಗದ ದಾಖಲೆ ಮಾಡಲು ಹೊರಟ ಕಾರ್ಲೋ ಅಬಾರ್ತ್‌ಗೆ ಗಾಡಿಯ ಸಣ್ಣ ಗೂಡಿನೊಳಗೆ ಮೈ ಹಿಡಿಸಲಿಲ್ಲ. ಆಗ ಅವನಿಗೆ 56 ವರ್ಷ. ಸೇಬು ತಿಂದುಕೊಂಡೇ 30 ಕಿಲೋ ಇಳಿಸಿ, ಒಳಗೆ ಕೂತು, ದಾಖಲೆ ಮಾಡಿ ಬಂದ. ಇದನ್ನು ಮನೆಯಲ್ಲಿ ಓದಿ ಹೇಳಿದ್ದು ನನ್ನ ತಪ್ಪು. ನಮ್ಮಾಕಿ ಮರುದಿನದಿಂದ ತಟ್ಟೆಗೆ ಎರಡೇ ರೊಟ್ಟಿ ಹಾಕತೊಡಗಿದಳು.

ಕೆಲಸ ಮಾಡಿದ್ದು ಹುಬ್ಬಳ್ಳಿ ಗೋಕುಲ ರಸ್ತೆಯ ಒಳಗಿನ ಒಂದು ಗ್ಯಾರೇಜು. ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ದೊಡ್ಡ ಮೇಸ್ತ್ರಿಯನ್ನು ಎಲ್ಲರೂ ಚಾಚಾ ಅನ್ನುತ್ತಾರೆ. ಲಾರಿ ಬಾಡಿ ಕಟ್ಟುವಲ್ಲಿ ಕೈ ಪಳಗಿಸಿಕೊಂಡವರು, ಈಗ ಹುಡುಗರ ಕಾರು ನೋಡುತ್ತಾರೆ. ಗಾಡಿ ಬಿಡುವ ಮುಂಚೆ ನಮ್ಮ ಊರಿನ ಲಾರಿ ಕಾಟಾದ ಮೇಲೆ ಹತ್ತಿಸಿದೆ. ಟ್ಯಾಂಕ್ ಫುಲ್, ನಾನು ಕೆಳಗೆ. ಕಾಟಾದ ಹುಡುಗ ಹೊರಗೆ ಬಂದು ಸುತ್ತ ನೋಡಿ, "ಸಾವ್ಕಾರ್ರ, ಮಾಲ್ ಎಲ್ಲೈತ್ರಿ?" ಅಂದ. ಗಾಡೀನs ಮಾಲು ಅಂದೆ. 1,200 ತೋರಿಸಿತು. ಆ ಕಾಟಾ ಹತ್ತು ಕಿಲೋ ಲೆಕ್ಕದಲ್ಲೇ ಓಡುತ್ತದೆ, ಕಂಪನಿ ಹೇಳುವುದು 1,195, ಅಂದರೆ ತಾಳೆಯಾಯಿತು. ಆಮೇಲೆ ಮುಂದಿನ ಗಾಲಿ ಮಾತ್ರ ಹತ್ತಿಸಿ ನೋಡಿದರೆ 750. ಉಳಿದ 450 ಹಿಂದೆ. ಈ ಎರಡು ಅಂಕಿ ನೆನಪಿರಲಿ.

ಮೊದಲ ಕಂತಿನಲ್ಲಿ ದುಡ್ಡಿಲ್ಲದೆ ಇಳಿಯುವುದನ್ನಷ್ಟೇ ಇಳಿಸಿದೆವು. ಸ್ಟೆಪ್ನಿ, ಜಾಕು, ಪಾನಾ ಸೇರಿ 19.4 ಕಿಲೋ. ಹಿಂದಿನ ಸೀಟು 27.2. ಹಿಂದಿನ ಬೆಲ್ಟುಗಳು 3.1, ಡಿಕ್ಕಿ ಮುಚ್ಚುವ ಹಲಗೆ 2.3, ಮ್ಯಾಟು ಮತ್ತು ಡಿಕ್ಕಿಯ ಕಾರ್ಪೆಟ್ಟು 4.6. ಒಟ್ಟು 56.6 ಕಿಲೋ. ಇಷ್ಟನ್ನು ಬಿಚ್ಚಲು ಒಂದು ಬೆಳಗು ಸಾಕಾಯಿತು, ತಿರುಗಿ ಹಾಕಲೂ ಅಷ್ಟೇ. ಪ್ರತಿ ನಟ್ಟು-ಬೋಲ್ಟನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹೆಸರು ಬರೆದು ಕೊಟ್ಟ ಗ್ಯಾರೇಜಿನ ಸಣ್ಣ ಹುಡುಗನಿಗೆ ಈ ವಿಮರ್ಶೆಯಲ್ಲಿ ಪೂರ್ತಿ ಅಂಕ. ಇನ್ನೊಂದು ಪುಕ್ಕಟೆ ತೂಕ ಪೆಟ್ರೋಲಿನದು. ಲೀಟರಿಗೆ ಮುಕ್ಕಾಲು ಕಿಲೋ ಹತ್ತಿರ, 45 ಲೀಟರಿನ ಟ್ಯಾಂಕು ತುಂಬಿದರೆ 33 ಕಿಲೋ. ಟ್ರ್ಯಾಕಿಗೆ ಅಷ್ಟೆಲ್ಲಾ ಯಾಕೆ? ಆದರೆ ಇದರಲ್ಲೂ ಅತಿ ಮಾಡಬೇಡಿ. 12 ಲೀಟರು ಇಟ್ಟುಕೊಂಡು ಇಳಿದಾಗ ಉದ್ದನೆಯ ಬಲ ತಿರುವಿನಲ್ಲಿ ಪೆಟ್ರೋಲು ಒಂದು ಬದಿಗೆ ಸರಿದು ಎಂಜಿನ್ ಕೆಮ್ಮಿತು. ಈಗ 20ಕ್ಕಿಂತ ಕಮ್ಮಿ ಇಡುವುದಿಲ್ಲ.

ಎರಡನೆಯ ಸಲ ಟ್ರ್ಯಾಕಿಗೆ ಹೋದಾಗ ಅದೇ ಹಳೇ ಟೈರಿನಲ್ಲಿ 2 ನಿಮಿಷ 20.1. ಎರಡು ಸೆಕೆಂಡಿನ ಮೇಲೆ ಉಳಿತಾಯ. ಇದನ್ನು ಪೂರ್ತಿ ತೂಕದ ಖಾತೆಗೆ ಜಮಾ ಮಾಡಿದರೆ ಕಳ್ಳ ಲೆಕ್ಕವಾಗುತ್ತದೆ, ಯಾಕೆಂದರೆ ಟ್ರ್ಯಾಕು ನನಗೆ ಎರಡನೆಯ ಸಲದ್ದು, ಬ್ರೇಕ್ ಪ್ಯಾಡು ಮತ್ತು ಬ್ರೇಕ್ ಆಯಿಲು ಹೊಸವು. ಬ್ರೇಕ್ ಆಯಿಲಿನ ವಿಷಯ ನಮ್ಮ ಧಂದೆಯವರಿಗೆ ಬೇಗ ತಿಳಿಯುತ್ತದೆ: ಅದು ಗಾಳಿಯಲ್ಲಿನ ತೇವ ಕುಡಿಯುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲು ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮವಿದೆ. ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮೊದಲ ಸಲ ನನ್ನ ಪೆಡಲು ಮೆತ್ತಗಾಗಲು ಅರ್ಧ ಕಾರಣ ಭಾರ, ಇನ್ನರ್ಧ ಎಷ್ಟೋ ವರ್ಷ ಯಾರೂ ಬದಲಿಸದ ಆ ಹಸಿ ಆಯಿಲು.

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಆ ವರ್ಷ ಬಜಾರು ಚೊಲೋ ಇತ್ತು.

ಎರಡನೆಯ ಕಂತು ದುಡ್ಡಿನ ಕಂತು. ಡ್ರೈವರ್ ಸೀಟು ತೆಗೆದು ಬಕೆಟ್ ಸೀಟು: ಉಳಿದದ್ದು 9.4 ಕಿಲೋ, ಬ್ರಾಕೆಟ್ ಸೇರಿ ಖರ್ಚು 38,000. ಹಗುರ ಅಲಾಯ್ ಗಾಲಿ ನಾಲ್ಕು: ಹಳೆಯದು ಒಂದೊಂದು 10.2, ಹೊಸದು 7.3, ಒಟ್ಟು ಉಳಿತಾಯ 11.6 ಕಿಲೋ, ಖರ್ಚು 72,000. ಹಿಂದಿನ ಸೈಲೆನ್ಸರಿನ ಬದಲು ಸಣ್ಣದು: 6 ಕಿಲೋ, 14,500. ಬ್ಯಾಟರಿಗೆ ನಾನು ಲಿಥಿಯಂ ಅಂದೆ, ಚಾಚಾ ನಕ್ಕು ಒಂದು ಸಣ್ಣ ಕಾರಿನ ಬ್ಯಾಟರಿ ತಂದು ಕೂರಿಸಿದರು: 5.6 ಕಿಲೋ, 3,600. ಸದ್ದು ತಡೆಯಲು ಗಾಡಿಯ ನೆಲಕ್ಕೆ ಅಂಟಿಸಿದ ಡಾಂಬರಿನಂಥ ಹಾಳೆಗಳನ್ನು ಡ್ರೈ ಐಸ್ ಸುರಿದು ಒಡೆದು ತೆಗೆದದ್ದು: 6.8 ಕಿಲೋ, ಕೂಲಿ 6,000.

ದಲಾಲಿಯವನಿಗೆ ಕಿಲೋಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕದಿದ್ದರೆ ನಿದ್ದೆ ಬರುವುದಿಲ್ಲ. ಬ್ಯಾಟರಿ ಕಿಲೋಗೆ 643 ರೂಪಾಯಿ. ಡಾಂಬರ ಹಾಳೆ 882. ಸೈಲೆನ್ಸರು 2,400 ಮೇಲೆ. ಸೀಟು 4,000 ಮೇಲೆ. ಗಾಲಿ 6,200. ಒಳ್ಳೆ ಡಬ್ಬಿ ಕಾಯಿ ಕಿಲೋಗೆ ನಾಲ್ಕೈದು ನೂರು ಮುಟ್ಟಿದರೆ ಬಜಾರು ಏರಿತು ಅನ್ನುವ ಮಂದಿ ನಾವು. ಇಲ್ಲಿ ಇಲ್ಲದ ತೂಕಕ್ಕೆ ಆರು ಸಾವಿರ ಕೊಟ್ಟೆ.

ಎರಡೂ ಕಂತು ಸೇರಿ 96 ಕಿಲೋ. ಲಾರಿ ಕಾಟಾ ಒಂದು ಸಲ 1,110, ಇನ್ನೊಂದು ಸಲ 1,100 ತೋರಿಸಿತು. ಕಾಗದದ ಮೇಲೆ ಇದು ಸಣ್ಣದಲ್ಲ. ನನ್ನ 82 ಕಿಲೋ ಸೇರಿಸಿ ಲೆಕ್ಕ ಹಾಕಿದರೆ, ಇದ್ದ ಭಾರದಲ್ಲೇ ಎಂಜಿನ್ನಿಗೆ 11–12 ಬಿಎಚ್‌ಪಿ ಹೆಚ್ಚು ಕೊಟ್ಟಂತೆ. ಅಷ್ಟಕ್ಕೇ ಆದರೆ ಎಂಜಿನ್ ರೀಮ್ಯಾಪ್, ಅಂದರೆ ಅದರ ಕಂಪ್ಯೂಟರಿನ ಲೆಕ್ಕ ಬದಲಿಸಿ ಬಲ ಹೆಚ್ಚಿಸುವುದು, ಮಾಡಿಸಬಹುದಿತ್ತಲ್ಲ ಅನ್ನಬಹುದು. ರೀಮ್ಯಾಪು ಗಾಡಿಯನ್ನು ಓಡಿಸುತ್ತದೆ, ನಿಲ್ಲಿಸುವುದಿಲ್ಲ. 150ರಿಂದ 60ಕ್ಕೆ ಬ್ರೇಕ್ ಹೊಡೆದಾಗ 96 ಕಿಲೋ ಕಮ್ಮಿಯಿದ್ದರೆ ಪ್ರತಿ ಸಲವೂ ಸುಮಾರು 70 ಕಿಲೋಜೂಲ್ ಶಾಖ ಡಿಸ್ಕಿಗೆ ಬೀಳುವುದು ತಪ್ಪುತ್ತದೆ. ಅಂಥ ನಾಲ್ಕೈದು ಬ್ರೇಕಿನಲ್ಲಿ ಉಳಿದ ಶಾಖಕ್ಕೆ ಒಂದು ಲೀಟರು ಚಹಾದ ನೀರು ಕುದಿಯುತ್ತದೆ. ತೂಕ ಇಳಿಸಿದ್ದರ ನಿಜವಾದ ಲಾಭ ನನಗೆ ಕಂಡದ್ದು ಇಲ್ಲಿ, ಟೈಮಿನಲ್ಲಿ ಅಲ್ಲ. ನಾಲ್ಕು ಸುತ್ತಿಗೆ ಸುಸ್ತಾಗುತ್ತಿದ್ದ ಬ್ರೇಕು ಎಂಟನೆಯ ಸುತ್ತಿನಲ್ಲೂ ಗಟ್ಟಿ ಇತ್ತು. ಟೈರಿನ ಹೊರ ಅಂಚು ಕೂಡ ಮೊದಲಿನಷ್ಟು ಉಜ್ಜಿರಲಿಲ್ಲ. ಊರಿಗೆ ಅದೇ ಟೈರಿನ ಮೇಲೆ ಆರುನೂರು ಕಿಲೋಮೀಟರು ತಿರುಗಿ ಬರುವವನಿಗೆ ಇದು ದೊಡ್ಡ ಮಾತು.

ಆದರೆ ಮೂರನೆಯ ಸಲದ ಟೈಮು 2 ನಿಮಿಷ 19 ಸೆಕೆಂಡು. ಒಂದು ಲಕ್ಷ ಮೂವತ್ತು ಸಾವಿರದ ಮೇಲೆ ಸುರಿದದ್ದಕ್ಕೆ ಒಂದು ಸೆಕೆಂಡು ಚಿಲ್ಲರೆ. ಅದೂ ಒಂದು ಗಿರಕಿ ಹೊಡೆದ ಮೇಲೆ. ವೇಗದ ಬಲ ತಿರುವಿನಲ್ಲಿ ಗಾಬರಿಯಾಗಿ ಎಕ್ಸಲರೇಟರ್ ಬಿಟ್ಟೆ, ಹಿಂಭಾಗ ಸರ್ರನೆ ಮುಂದೆ ಬರಲು ಹೊರಟಿತು. ಎರಡು ಸುತ್ತು ಸುತ್ತಿ ಹುಲ್ಲಿನ ಮೇಲೆ ನಿಂತೆ. ಗಾಡಿಗೆ ಏನೂ ಆಗಲಿಲ್ಲ. ನನ್ನ ಬಾಯಿ ಮಾತ್ರ ಒಣಗಿತ್ತು.

ಊರಿಗೆ ಬಂದವನೇ ಮತ್ತೆ ಕಾಟಾ ಹತ್ತಿಸಿದೆ. ಮುಂದೆ 730, ಹಿಂದೆ 370. ಮುಂದಿನಿಂದ ಇಳಿದದ್ದು ಇಪ್ಪತ್ತೇ ಕಿಲೋ, ಉಳಿದದ್ದೆಲ್ಲ ಹಿಂದಿನಿಂದ. ಮೊದಲೇ ಮೂತಿ ಭಾರದ ಗಾಡಿ, ಈಗ ಮೂರರಲ್ಲಿ ಎರಡು ಪಾಲು ತೂಕ ಮುಂದಿನ ಗಾಲಿಯ ಮೇಲೆ. ಹಿಂದಿನ ಸ್ಪ್ರಿಂಗು ಮೊದಲಿನ ಭಾರಕ್ಕೆ ಮಾಡಿದ್ದು, ಈಗ ಮೇಲೆದ್ದು ಕೂತಿತ್ತು. ಫೋನಿನಲ್ಲಿ ಚಾಚಾಗೆ ಅಂಕಿ ಹೇಳಿದೆ.

"ಸಾವ್ಕಾರ್ರ, ಚಕ್ಕಡಿ ಹೇರಿದ್ದು ನೋಡೀರಿಲ್ಲೋ? ಹಿಂದಭಾರ ಆದ್ರ ನೊಗ ಮ್ಯಾಲೇಳ್ತೈತಿ, ಮುಂದಭಾರ ಆದ್ರ ಎತ್ತಿನ ಹೆಗಲ ಮುರೀತೈತಿ. ನಾವು ಹಿಂದಿಂದೆಲ್ಲಾ ಇಳಿಸಿ ಮುಂದಿಂದ ಹಂಗs ಬಿಟ್ಟೀವಿ. ಗಾಡಿ ತರ್ರಿ, ಬ್ಯಾಟರಿ ಡಿಕ್ಕ್ಯಾಗ ಇಡೂಣು."

ಬ್ಯಾಟರಿ ಡಿಕ್ಕಿಗೆ ಹೋಯಿತು. ದಪ್ಪ ಕೇಬಲ್ಲು ಎಳೆದದ್ದಕ್ಕೆ ಎರಡು ಕಿಲೋ ಹೆಚ್ಚೇ ಆಯಿತು, ಚೀಟಿಯಲ್ಲಿ ಅದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಹಿಂದಿನ ಟೈರಿನ ಗಾಳಿಯನ್ನೂ ಸ್ವಲ್ಪ ಇಳಿಸಿ ನೋಡಿ ಹೊಂದಿಸಿದೆವು. ಗಾಡಿ ನಂಬಿಗಸ್ಥ ಆಯಿತು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಬುದ್ಧಿವಂತಿಕೆಯ ಕೆಲಸ ಅಂದರೆ ತೂಕ ಹೆಚ್ಚಿಸಿದ ಇದೊಂದೇ.

ಈಗ ಗ್ಯಾರೇಜಿನ ಮೇಲಿನ ತಕರಾರು. ನಾಲ್ಕು ದಿನ ಅಂದದ್ದು ಹನ್ನೊಂದು ದಿನ ಹಿಡಿಯಿತು. ಸೈಲೆನ್ಸರಿನ ವೆಲ್ಡಿಂಗು ಹೊರಗೆ ಮಾಡಿಸಿದ್ದರು, ತಿಂಗಳಲ್ಲಿ ಬಿಟ್ಟು ಗಾಡಿಯೊಳಗೆ ಹೊಗೆ ವಾಸನೆ. ಚಾಚಾ ಮರುಮಾತಾಡದೆ ಹಳೇ ಸೈಲೆನ್ಸರು ಹಾಕಿಕೊಟ್ಟರು, ದುಡ್ಡು ಮಾತ್ರ ತಿರುಗಿ ಬರಲಿಲ್ಲ. ನಾನೂ ಬಹಳ ಕೇಳಲಿಲ್ಲ, ಆ ಸದ್ದಿಗೆ ಓಣಿಯ ಮಂದಿ ಆಗಲೇ ಮಾತಾಡುವುದು ಬಿಟ್ಟಿದ್ದರು. ಗ್ಯಾರೇಜಿನ ಪರವಾಗಿ ಒಂದು ಮಾತು: ಎಸಿ ತೆಗೆಯಿರಿ, ಏರ್‌ಬ್ಯಾಗ್ ಸ್ಟೇರಿಂಗ್ ಬದಲಿಸಿರಿ, ಬಾಗಿಲೊಳಗಿನ ಕಬ್ಬಿಣದ ಪಟ್ಟಿ ಕತ್ತರಿಸಿರಿ ಅಂತ ನಾನು ಒಂದೊಂದು ಸಲ ಒಂದೊಂದು ಹುಚ್ಚು ಕೇಳಿದಾಗ ಅವರು ಮೂರಕ್ಕೂ ಒಲ್ಲೆ ಅಂದರು. ಏಪ್ರಿಲ್ ಬಿಸಿಲಲ್ಲಿ ಹಾವೇರಿ ದಾಟುವಾಗ ಎಸಿ ಹಾಕಿಕೊಂಡು ಅವರನ್ನು ನೆನೆಯುತ್ತೇನೆ.

ಡಾಂಬರ ಹಾಳೆ ತೆಗೆಸಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. 6.8 ಕಿಲೋಗೆ ಬದಲಾಗಿ ಈಗ ಗಾಡಿ ಮಳೆಯಲ್ಲಿ ಪತ್ರಾಸಿನ ಶೆಡ್ಡು. ಕಲ್ಲು ಸಿಡಿದರೆ ಗುಂಡು ಹೊಡೆದಂತೆ. ಎಂಜಿನ್ನಿನ ಕಾವು ಪಾದಕ್ಕೆ ಬಡಿಯುತ್ತದೆ. ಬೇರೆಲ್ಲವನ್ನೂ ತಿರುಗಿ ಹಾಕಬಹುದು, ಇದೊಂದನ್ನು ಹಾಕಲು ಬರುವುದಿಲ್ಲ.

ಬಕೆಟ್ ಸೀಟು ಉಳಿಸಿಕೊಂಡಿದ್ದೇನೆ. 9 ಕಿಲೋಗಾಗಿ ಅಲ್ಲ. ತಿರುವಿನಲ್ಲಿ ಸೊಂಟ ಹಿಡಿದು ಕೂರಿಸುತ್ತದೆ, ಸ್ಟೇರಿಂಗನ್ನು ಊರುಗೋಲು ಮಾಡಿಕೊಳ್ಳುವ ಗರಜು ಬೀಳುವುದಿಲ್ಲ. ಸೀಟು ಅಂತ ಕೊಂಡರೆ ದುಡ್ಡು ದಕ್ಕಿತು, ತೂಕ ಅಂತ ಕೊಂಡರೆ ದಂಡ. ಗಾಲಿಯ ವಿಷಯದಲ್ಲಿ ಮನಸ್ಸು ಎರಡಾಗುತ್ತದೆ. ಸ್ಪ್ರಿಂಗಿನ ಕೆಳಗೆ ಕುಣಿಯುವ ತೂಕ ಅದು, ತಿರುಗುವ ತೂಕವೂ ಹೌದು, ಆದ್ದರಿಂದ ಅಲ್ಲಿನ ಒಂದು ಕಿಲೋ ಸೀಟಿನ ಒಂದು ಕಿಲೋಗಿಂತ ಹೆಚ್ಚು ಬಾಳುತ್ತದೆ. ಬ್ರೇಕ್ ಹೊಡೆದಾಗ, ಗಡುಸು ರಸ್ತೆಯಲ್ಲಿ ಹೋಗುವಾಗ ವ್ಯತ್ಯಾಸ ನಿಜವಾಗಿಯೂ ತಿಳಿಯಿತು. ಗದಗ ರಸ್ತೆಯಲ್ಲಿ ಸಂಜೆ ಕತ್ತಲಲ್ಲಿ ಒಂದು ತಗ್ಗು ಸಿಕ್ಕುವ ತನಕ. ಮುಂದಿನ ಎಡಗಾಲಿಯ ಅಂಚು ರೊಟ್ಟಿ ಮಡಚಿದಂತೆ ಮಡಚಿತು. ಆ ಹೊತ್ತಿಗೆ ಸ್ಟೆಪ್ನಿ ಎಲ್ಲಿತ್ತು? 19.4 ಕಿಲೋ ಅಂತ ಚೀಟಿ ಅಂಟಿಸಿಕೊಂಡು ಬ್ಯಾಡಗಿಯ ಗೋದಾಮಿನಲ್ಲಿ.

ಕಾನೂನಿನ ಮಾತು ಚುಟುಕಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಬರೆದದ್ದಕ್ಕೆ ವ್ಯತ್ಯಾಸವಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ನನ್ನ ಆರ್‌ಸಿಯಲ್ಲಿ ಐದು ಸೀಟು ಅಂತಿದೆ. ಆದ್ದರಿಂದ ಈಗ ಹಿಂದಿನ ಸೀಟು, ಸ್ಟೆಪ್ನಿ ಎಲ್ಲ ಹಾಕಿಕೊಂಡೇ ಟ್ರ್ಯಾಕಿನವರೆಗೆ ಹೋಗಿ, ಅಲ್ಲಿ ಬಿಚ್ಚಿ, ಟ್ರ್ಯಾಕಿನ ಪಕ್ಕ ಗಾಡಿ ನಿಲ್ಲಿಸುವ ಪಿಟ್ಟಿನಲ್ಲಿಟ್ಟು, ಸಂಜೆ ಮತ್ತೆ ಹಾಕಿಕೊಂಡು ಬರುತ್ತೇನೆ. ಸಾಮಾನ್ಯ ಕಾರ್ ವಿಮೆಯಲ್ಲಿ ರೇಸು, ವೇಗದ ಪರೀಕ್ಷೆ ಸೇರುವುದಿಲ್ಲ, ಟ್ರ್ಯಾಕಿನಲ್ಲಿ ಜಜ್ಜಿಕೊಂಡರೆ ಕೈಯಿಂದಲೇ ಹಾಕಬೇಕು.

ಈ ತಿರುಗಿ ಹಾಕುವ ಪದ್ಧತಿ ಶುರುವಾದದ್ದು ಕಾನೂನಿಗೆ ಹೆದರಿ ಅಂತ ಬರೆದರೆ ಸುಳ್ಳಾಗುತ್ತದೆ. ಶಿವರಾತ್ರಿಗೆ ಸಿದ್ಧಾರೂಢ ಮಠಕ್ಕೆ ಹೊರಟ ಅವ್ವ ಹಿಂದಿನ ಬಾಗಿಲು ತೆಗೆದು ನೋಡಿ, "ಇದರಾಗ ನಾ ಎಲ್ಲಿ ಕುಂಡರ್ಲೋ, ಚೀಲದ ಮ್ಯಾಲೇನು?" ಅಂದಳು. ಅಂಗಡಿಯ ಹಮಾಲರು ಗೋದಾಮಿನಿಂದ ಸೀಟು ಹೊತ್ತು ತಂದರು. ಹತ್ತೇ ನಿಮಿಷದಲ್ಲಿ ಕೂರಿಸಿದೆವು, ಚೀಟಿ ತೆಗೆಯುವುದು ಮರೆತೆ. ಅವ್ವ 27.2 ಅನ್ನುವ ಚೀಟಿಯ ಪಕ್ಕ ಕೂತು ಹುಬ್ಬಳ್ಳಿ ಮುಟ್ಟಿದಳು.

ನಾಲ್ಕನೆಯ ಸಲ ಹೋದದ್ದು ಹೋದ ತಿಂಗಳು. ಕಂಪನಿಯ ಹಳೇ ಭಾರದ ಗಾಲಿ, ಹಳೇ ಸೈಲೆನ್ಸರು, ಹಿಂದಿನ ಸೀಟು ಮತ್ತು ಸ್ಟೆಪ್ನಿ ಪಿಟ್ಟಿನಲ್ಲಿ, ಬ್ಯಾಟರಿ ಡಿಕ್ಕಿಯಲ್ಲಿ. ಹೊಸದು ಅಂದರೆ ಟೈರು ಮಾತ್ರ, ಟ್ರ್ಯಾಕಿಗೆ ಸರಿಹೊಂದುವ ಮೆದು ರಬ್ಬರಿನದು, ನಾಲ್ಕಕ್ಕೆ 38,000. ಟೈಮು 2 ನಿಮಿಷ 15.8. ಅಂದರೆ ಗಾಲಿ, ಸೈಲೆನ್ಸರು ಎರಡೂ ಕೊಡದ ಮೂರು ಸೆಕೆಂಡು, ಅವುಗಳ ಅರ್ಧ ದುಡ್ಡಿಗಿಂತ ಕಮ್ಮಿಗೆ ಬಂತು. ಎರಡು ರೊಟ್ಟಿಯ ಪುಣ್ಯದಿಂದ ನಾನೂ 6 ಕಿಲೋ ಇಳಿದಿದ್ದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಹೀಗಾಗಿ ಮೂರು ಹಗುರ ಅಲಾಯ್ ಗಾಲಿ ಮಾರಾಟಕ್ಕಿವೆ. ನಾಲ್ಕನೆಯದು ಬಗ್ಗಿದೆ, ಬೇಕಾದರೆ ಅದನ್ನು ಹಾಗೇ ಕೊಡುತ್ತೇನೆ. ಸೋಮವಾರ, ಗುರುವಾರ ಟೆಂಡರು ಇರುತ್ತದೆ, ಆ ಎರಡು ದಿನ ಬಿಟ್ಟು ಬ್ಯಾಡಗಿಗೆ ಬರ್ರಿ, ಕಾಟಾದ ಮೇಲೆ ನಿಮ್ಮೆದುರಿಗೇ ತೂಗಿ ಕೊಡುತ್ತೇನೆ. ಬಗ್ಗಿದ್ದನ್ನೂ ತೂಗಿದ್ದೇನೆ. ಅದೂ 7.3 ಕಿಲೋ.